ವಿಸಿಲ್‌ಗೆ ಮೊದಲು

ಮಣಿಪಾಲದ ಹೊಸ ಫ್ಲ್ಯಾಟುಗಳಲ್ಲಿ ಟೈಲ್ಸ್ ಹಾಸುವ ಸಂಗಮೇಶನಿಗೆ ಮಳೆಗಾಲದಲ್ಲೂ ಕೆಲಸ ತಪ್ಪುವುದಿಲ್ಲ. ಹೊರಗೆ ಎಷ್ಟೇ ಸುರಿಯಲಿ, ಒಳಗೆ ನೆಲ ಆಗಲೇಬೇಕು. ಆದರೆ ಆ ವರ್ಷದ ಜೂನ್ ತಿಂಗಳಲ್ಲಿ ಅವನ ಮನಸ್ಸು ನೆಲದ ಮೇಲೆ ಇರಲಿಲ್ಲ. ಜೇಬಿನಲ್ಲಿ ಫೋನು ಸದ್ದು ಮಾಡಿದರೆ ಸಾಕು, ಸಿಮೆಂಟು ಮೆತ್ತಿದ ಬೆರಳಲ್ಲೇ ತೆಗೆದು ನೋಡುತ್ತಿದ್ದ. ಯಾರೋ ಹೂವಿನ ಚಿತ್ರದ ಜೊತೆ ಶುಭೋದಯ ಹೇಳಿರುತ್ತಿದ್ದರು. ಮತ್ತೆ ಕೂತು ರಬ್ಬರ್ ಸುತ್ತಿಗೆಯಿಂದ ಟೈಲು ತಟ್ಟುತ್ತಿದ್ದ. ಮಟ್ಟ ಇಟ್ಟು ನೋಡಿದರೆ ಒಂದು ಮೂಲೆ ಮೇಲೆದ್ದಿರುತ್ತಿತ್ತು. ಹಾಸಿದ್ದನ್ನು ಕಿತ್ತು ಮತ್ತೆ ಹಾಸುವ ಅಭ್ಯಾಸ ಅವನಿಗೆ ಇರಲಿಲ್ಲ. ಆ ತಿಂಗಳು ಎರಡು ಬಚ್ಚಲುಮನೆಗಳಲ್ಲಿ ಹಾಗಾಯಿತು.

ಅವನು ಕಾಯುತ್ತಿದ್ದದ್ದು ಒಂದು ಫುಟ್‌ಬಾಲ್ ತೀರ್ಮಾನಕ್ಕೆ.

ಸಂಗಮೇಶನ ಅಪ್ಪ ಶರಣಬಸಪ್ಪ ಕುಷ್ಟಗಿ ಕಡೆಯವರು, ಗಾರೆ ಕೆಲಸಕ್ಕೆಂದು ಕರಾವಳಿಗೆ ಬಂದವರು. ಕಟ್ಟಡ ಎಲ್ಲಿ ಏಳುತ್ತದೋ ಅದರ ಪಕ್ಕದ ತಗಡಿನ ಶೆಡ್ಡೇ ಅವರ ಮನೆ. ಸಂತೆಕಟ್ಟೆಯಲ್ಲೊಂದು, ಉಡುಪಿಯಲ್ಲೊಂದು, ಕಾರ್ಕಳದಲ್ಲೊಂದು. ಕಟ್ಟಡ ಮುಗಿದು ಮಾಲೀಕರ ಗೃಹಪ್ರವೇಶಕ್ಕೆ ಚಪ್ಪರ ಏಳುವಾಗ ಇವರು ಪಾತ್ರೆ ಪಗಡ ಕಟ್ಟಿಕೊಂಡು ಮುಂದಿನ ಕಟ್ಟಡಕ್ಕೆ ಹೊರಟಿರುತ್ತಿದ್ದರು. ಹುಡುಗನಿಗೆ ಶಾಲೆ ಬದಲಾಗುತ್ತಿತ್ತು. ಹೊಸ ಶಾಲೆಯಲ್ಲಿ ಹೊಸಬನನ್ನು ಆಟಕ್ಕೆ ಸೇರಿಸುವುದು ಒಂದೇ ಜಾಗಕ್ಕೆ, ಗೋಲಿಗೆ. ಯಾರಿಗೂ ಬೇಡದ ಜಾಗ ಅದು. ಹಾಗಾಗಿ ಹೋದಲ್ಲೆಲ್ಲ ಅವನು ಗೋಲಿನಲ್ಲಿ ನಿಂತ. ನಿಂತು ನಿಂತು ಅದರಲ್ಲಿ ಪಳಗಿದ.

ಮದುವೆಯಾದ ಮೇಲೆ ಪರ್ಕಳದಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದ. ಹೆಂಡತಿ ನಾಗವೇಣಿ ಮಣಿಪಾಲದ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾಳೆ. ರೂಮಿನ ಹತ್ತಿರವೇ ಜಲಾಲ್ ಅವರ ಹಾರ್ಡ್‌ವೇರ್ ಅಂಗಡಿ. ಜಲಾಲ್ ಶಾರ್ಜಾದಲ್ಲಿ ಹಲವು ವರ್ಷ ದುಡಿದು ಊರಿಗೆ ಬಂದವರು. ಅಲ್ಲಿ ಶುಕ್ರವಾರ ಶುಕ್ರವಾರ ಆಡುತ್ತಿದ್ದ ಫುಟ್‌ಬಾಲಿನ ಹುಚ್ಚನ್ನು ಕಟ್ಟಿಕೊಂಡೇ ಬಂದಿದ್ದರು. ಟೈಲಿನ ಸಂದಿಗೆ ತುಂಬುವ ಗ್ರೌಟ್ ಕೊಳ್ಳಲು ಹೋದ ಸಂಗಮೇಶನ ಅಗಲವಾದ ಅಂಗೈ ನೋಡಿ, "ಗೋಲ್ ನಿಲ್ತೀಯಾ?" ಎಂದು ಕೇಳಿದ್ದರಂತೆ. 'ಪರ್ಕಳ ಫ್ರೆಂಡ್ಸ್' ತಂಡ ಹುಟ್ಟಿದ್ದು ಹೀಗೆ. ಅರ್ಧ ಊರಿನ ಹುಡುಗರು, ಅರ್ಧ ಸೆಂಟ್ರಿಂಗ್, ಪೇಂಟಿಂಗ್, ಟೈಲ್ಸ್ ಕೆಲಸದವರು. ಐದು ವರ್ಷದಲ್ಲಿ ಸಂಗಮೇಶ ಕ್ಯಾಪ್ಟನ್ ಆದ. ತುಳು ಬರುವವರೂ ಬ್ಯಾರಿ ಬರುವವರೂ ಅವನ ಮಾತಿಗೆ ಮೈದಾನದಲ್ಲಿ ಹಿಂದೆ ಮುಂದೆ ಸರಿಯುತ್ತಿದ್ದರು. ಎಲ್ಲಿಯೂ ನೆಲೆನಿಂತು ಬೆಳೆಯದ ಅವನಿಗೆ ಅದು ದೊಡ್ಡ ವಿಷಯವಾಗಿತ್ತು.

ಉಡುಪಿ ಸುತ್ತಿನ ಕ್ಲಬ್ಬುಗಳು ಸೇರಿ ನಡೆಸುವ ಲೀಗಿನಲ್ಲಿ ಎರಡು ಡಿವಿಜನ್. ಬಿ ಡಿವಿಜನ್ನಿನಲ್ಲಿ ಮೊದಲು ಬಂದವರು ಮುಂದಿನ ವರ್ಷ ಎ ಡಿವಿಜನ್ನಿಗೆ ಏರುತ್ತಾರೆ. ಎಯಲ್ಲಿ ಕೊನೆಗುಳಿದವರು ಬಿಗೆ ಇಳಿಯುತ್ತಾರೆ. ಪರ್ಕಳ ಎಂದೂ ಏರಿರಲಿಲ್ಲ. ಆ ವರ್ಷ ಕಾರ್ಕಳದ ತಂಡ ಮೊದಲ ಸ್ಥಾನದಲ್ಲಿ, ಪರ್ಕಳ ಎರಡೇ ಅಂಕ ಹಿಂದೆ. ಮೇ ತಿಂಗಳಲ್ಲಿ ಋತುವಿನ ಕೊನೆಯ ಪಂದ್ಯಕ್ಕೆ ಇಬ್ಬರೂ ಕಾರ್ಕಳದಲ್ಲಿ ಎದುರಾದರು. ಗೆದ್ದರೆ ಪರ್ಕಳ ಮೇಲೆ. ಸಮ ಆದರೆ ಕಾರ್ಕಳವೇ ಮೇಲೆ.

ಅರ್ಧ ಆಟದೊಳಗೆ ಪರ್ಕಳದ ಸುಂದರ ಒಂದು ಗೋಲು ಹೊಡೆದ. ಸುಂದರ ಇಲೆಕ್ಟ್ರಿಶಿಯನ್, ಮಾತು ಜಾಸ್ತಿ, ಓಟ ಅದಕ್ಕಿಂತ ಜಾಸ್ತಿ. ಆಮೇಲೆ ಕಾರ್ಕಳದವರು ಮುತ್ತಿಗೆ ಹಾಕಿದರು. ಇನ್ನು ಕಾಲು ಗಂಟೆಯ ಆಟ ಉಳಿದಿದೆ ಎನ್ನುವಾಗ ಘಟ್ಟದ ಕಡೆಯಿಂದ ಮೋಡ ಕವಿದು ಬಂತು. ಮೊದಲ ಮಿಂಚು ದೂರದಲ್ಲಿ. ಎರಡನೆಯದು ಹತ್ತಿರ.

ಸಂಗಮೇಶನ ಬೆನ್ನಿಗೆ ಕಬ್ಬಿಣದ ಗೋಲ್‌ಪೋಸ್ಟ್. ಅವನು ಅದರಿಂದ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ. "ಸರ್, ನಿಲ್ಲಿಸಿ. ಮಿಂಚು ಉಂಟು," ಎಂದು ರೆಫರಿಯತ್ತ ಕೂಗಿದ.

ರೆಫರಿ ಫೌಸ್ಟಿನ್ ಸರ್ ಕಲ್ಯಾಣಪುರದವರು, ಶಾಲೆಯ ಪಿಟಿ ಮಾಸ್ಟರ್ ಆಗಿ ನಿವೃತ್ತರಾದವರು. ಅವರು ಆಕಾಶ ನೋಡಿದರು, ಕೈಗಡಿಯಾರ ನೋಡಿದರು, ಆಡಿ ಎಂದು ಕೈ ಬೀಸಿದರು. ಕಾರ್ಕಳಕ್ಕೆ ಕಾರ್ನರ್ ಸಿಕ್ಕಿತ್ತು. ಜನ ಗದ್ದಲ ಎಬ್ಬಿಸಿದ್ದರು. ಆಗ ಇಡೀ ಮೈದಾನ ಬಿಳಿಯಾಯಿತು. ಅದರ ಬೆನ್ನಿಗೇ ನೆಲ ನಡುಗುವ ಹಾಗೆ ಗುಡುಗಿತು. ಸಂಗಮೇಶನ ಮುಂಗೈ ಕೂದಲು ಎದ್ದು ನಿಂತವು.

ಅವನು ಗೋಲು ಬಿಟ್ಟು ಓಡಿದ. ಒಬ್ಬನೇ ಓಡಲಿಲ್ಲ, ಎದುರಿಗೆ ಸಿಕ್ಕ ಸುಂದರನ ಜೆರ್ಸಿ ಹಿಡಿದು ಎಳೆದ, ಇನ್ನಿಬ್ಬರನ್ನು ನೂಕಿದ, ಎಲ್ಲರಿಗೂ ಶೆಡ್ಡಿಗೆ ಹೋಗಿ ಎಂದು ಕಿರುಚಿದ. ಗೆರೆ ದಾಟುವಾಗ ಒಮ್ಮೆ ತಿರುಗಿ ನೋಡಿದ. ಕಾರ್ಕಳದ ಕ್ಯಾಪ್ಟನ್ ಕೀರ್ತನ್ ಕಾರ್ನರಿನಿಂದ ಬಂದ ಚೆಂಡನ್ನು ಖಾಲಿ ಗೋಲಿನತ್ತ ತಳ್ಳಿದ್ದ. ಚೆಂಡು ಒದ್ದೆ ಮಣ್ಣಿನಲ್ಲಿ ಉರುಳುತ್ತ ಹೋಗಿ ಬಲೆಗೆ ತಾಗಿ ನಿಂತಿತು. ಆಮೇಲೆ ವಿಸಿಲ್ ಕೇಳಿಸಿತು.

ಮಳೆ ಹೊಯ್ದಿತು. ಸಿಡಿಲು ಮೈದಾನಕ್ಕೆ ಬಡಿಯಲಿಲ್ಲ. ಮೈದಾನದಲ್ಲಿ ಮೊಣಕಾಲುದ್ದ ನೀರು ನಿಂತು ಆಟ ಅಲ್ಲಿಗೇ ನಿಂತಿತು.

ಉಳಿದ ಆಟ ಮುಂದಿನ ಭಾನುವಾರ ಎಂದರು. ಆದರೆ ಮುಂಗಾರು ಆ ವರ್ಷ ದಿನ ನೋಡದೆ ಮೊದಲೇ ಬಂದು ಕೂತಿತು. ಮೈದಾನಗಳೆಲ್ಲ ಕೆರೆಯಾದವು. ಜೂನ್ ಮೊದಲ ವಾರ ಲೀಗ್ ಸಮಿತಿ ಋತುವನ್ನು ಅಲ್ಲಿಗೇ ಮುಗಿಸಿ, ಇದ್ದ ಅಂಕದ ಮೇಲೆ ಏರುವವರನ್ನೂ ಇಳಿಯುವವರನ್ನೂ ಘೋಷಿಸಿತು. ಫೌಸ್ಟಿನ್ ಸರ್ ಬರೆದುಕೊಟ್ಟ ವರದಿಯಲ್ಲಿ, ತಾನು ವಿಸಿಲ್ ಊದಿ ಆಟ ನಿಲ್ಲಿಸಿದ ಮೇಲೆ ಚೆಂಡು ಗೋಲಿಗೆ ಹೋಗಿದೆ, ಆದ್ದರಿಂದ ಅದು ಗೋಲಲ್ಲ ಎಂದಿತ್ತು. ಆಟ ನಿಂತಾಗ ಇದ್ದ ಲೆಕ್ಕವೇ ಕೊನೆಯದು: ಪರ್ಕಳ ಒಂದು, ಕಾರ್ಕಳ ಸೊನ್ನೆ. ಪರ್ಕಳ ಎ ಡಿವಿಜನ್ನಿಗೆ. ಎಯಲ್ಲಿ ಕೊನೆಗುಳಿದಿದ್ದ ಕಾಪುವಿನ ತಂಡ ಬಿಗೆ.

ಚೆಂಡು ಒಳಗೆ ಹೋದ ಮೇಲೆಯೇ ವಿಸಿಲ್ ಆದದ್ದು ಎಂದು ಕಾರ್ಕಳದವರು ಆಕ್ಷೇಪ ಹಾಕಿದರು. ಕಾಪುವಿನವರೂ ಹಾಕಿದರು: ಆಟವೇ ಮುಗಿಯದ ಋತುವಿನಲ್ಲಿ ಯಾರೂ ಏರುವುದು ಬೇಡ, ಯಾರೂ ಇಳಿಯುವುದು ಬೇಡ ಎಂದು. ವಿಚಾರಣೆ ಜುಲೈಗೆ ಹೋಯಿತು.

ಪರ್ಕಳ ಫ್ರೆಂಡ್ಸಿನ ವಾಟ್ಸಾಪ್ ಗುಂಪಿನಲ್ಲಿ ಹಗಲಿಡೀ ಅದೇ ಮಾತು. "ವಿಸಿಲ್ ಆದ ಮೇಲೆ ಹೊಡೆದದ್ದು ಗೋಲಾ? ನಾನೂ ಹೊಡೀತೇನೆ ಹಾಗಾದ್ರೆ," ಎಂದು ಸುಂದರ ಬರೆದ. ಕೀರ್ತನನ ಬಗ್ಗೆ ಹಗುರವಾದ ಮಾತುಗಳು ಬಂದವು. ಸುಳ್ಳುಗಾರ ಎಂದರು, ಸೋಲು ತಡೆಯಲಾಗದವ ಎಂದರು. ಹುಡುಗರು ಬೇಕೆಂದೇ ಸುಳ್ಳು ಹೇಳುತ್ತಿರಲಿಲ್ಲ. ಅವರೆಲ್ಲ ಶೆಡ್ಡಿನತ್ತ ಮುಖ ಮಾಡಿ ಓಡುತ್ತಿದ್ದರು, ಮಳೆಯ ಸದ್ದಿನಲ್ಲಿ ಯಾವುದು ಮೊದಲು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬ, ತಿರುಗಿ ನೋಡಿದ್ದ ಸಂಗಮೇಶ. ಅವನು ಆ ಮಾತುಗಳನ್ನೆಲ್ಲ ಓದಿ, ಏನೂ ಹೇಳದಿದ್ದರೆ ತಪ್ಪು ತಿಳಿದಾರು ಎಂದು ಒಂದು ಹೆಬ್ಬೆರಳಿನ ಗುರುತು ಒತ್ತಿ ಕಳಿಸಿದ. ಕಳಿಸಿದ ಮೇಲೆ ಊಟ ಸೇರಲಿಲ್ಲ.

"ಏನಾಗೈತ್ರೀ ನಿಮಗ?" ಎಂದು ನಾಗವೇಣಿ ಕೇಳಿದಳು. "ಗೆದ್ದೀರಿ ಅಂತಾರ. ಗೆದ್ದವರ ಮಾರಿ ಹಿಂಗ ಇರ್ತದೇನು?"

"ಇನ್ನಾ ಪಕ್ಕಾ ಆಗಿಲ್ಲ."

"ಆಗ್ಲಿಲ್ಲಂದ್ರ ಏನಾತು?"

ಅವನಿಗೆ ಆಗದಿದ್ದರೆ ಎಂಬ ಭಯ ಒಂದು ಕಡೆ. ಆಗಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಇವೆರಡರ ನಡುವೆ ಅವನು ದಿನ ಕಳೆಯುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ದಿಟ್ಟಿಸಿದರೆ, ಇವರಿಗೆ ಗೊತ್ತಿರಬಹುದೇ ಎಂದು ಮುಖ ತಿರುಗಿಸುತ್ತಿದ್ದ.

ವಿಚಾರಣೆಗೆ ಮೊದಲು ಜಲಾಲ್ ಅವನನ್ನು ಅಂಗಡಿಗೆ ಕರೆದರು. "ಭಾನುವಾರ ಅಂಬಲಪಾಡಿಗೆ ಬರಬೇಕು. ನೀನು ಎಂತದೂ ಹೇಳಬೇಕಂತ ಇಲ್ಲ. ರೆಫರಿಯ ವರದಿ ನಮ್ಮ ಕಡೆಗೇ ಉಂಟು. ಕೇಳಿದರೆ ಹೌದು ಅನ್ನು, ಮುಗೀತು."

"ಜಲಾಲಣ್ಣ, ಕಾರ್ಕಳದವರು ಹೇಳುವುದರಲ್ಲಿ ಸ್ವಲ್ಪ ನಿಜ ಇದ್ದರೆ?"

ಜಲಾಲ್ ಪೈಪು ಎಣಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಮಾತು ಅಲ್ಲಿಗೇ ನಿಂತಿತು. ಜಲಾಲ್ ಮತ್ತೆ ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲವೋ ಏನೋ, ಸಂಗಮೇಶನಿಗೆ ತಿಳಿಯಲಿಲ್ಲ.

ಅವನು ತಂಡದಲ್ಲಿ ಯಾರಿಗೂ ಹೇಳದ ಇನ್ನೊಂದು ಸಂಗತಿ ಇತ್ತು. ಅವನಿಗೊಬ್ಬ ಅಣ್ಣನಿದ್ದ, ಸೋಮಲಿಂಗ. ಹಲವು ವರ್ಷಗಳ ಹಿಂದೆ, ಕಾರ್ಕಳದ ಒಂದು ಕಟ್ಟಡದ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ ಮಧ್ಯಾಹ್ನ ಮೋಡ ಕಟ್ಟಿತು. ಕಾಂಕ್ರೀಟ್ ನಡುವೆ ನಿಲ್ಲಿಸಿದರೆ ಹಳೆಯದೂ ಹೊಸದೂ ಸರಿಯಾಗಿ ಬೆಸೆಯುವುದಿಲ್ಲ. ಇನ್ನು ಒಂದು ಮೂಲೆ ಮಾತ್ರ ಉಳಿದಿದೆ, ಮುಗಿಸಿ ಇಳಿಯಿರಿ ಎಂದ ಮೇಸ್ತ್ರಿ. ಮೇಲೆ ಕಂಬದ ಸರಳುಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಸೋಮಲಿಂಗ ಒಮ್ಮೆ ಕೆಳಗೆ ನೋಡಿ, "ಇಳೀಲೇನ್ರೀ?" ಎಂದು ಕೇಳಿದ್ದ. ಕೆಳಗೆ ಜಲ್ಲಿ ತುಂಬುತ್ತಿದ್ದ ತಮ್ಮನಿಗೆ ಅದು ಕೇಳಿಸಿತ್ತು. ಮೇಸ್ತ್ರಿ ಬೇಡ ಎಂದು ಕೈ ಬೀಸಿದ್ದೂ ಕಾಣಿಸಿತ್ತು. ಅಪ್ಪಣೆಗೆ ಕಾದ ಅಣ್ಣ ಇಳಿಯಲೇ ಇಲ್ಲ. ಸಿಡಿಲು ಆ ಸರಳಿಗೇ ಬಡಿದ ಮೇಲೆ ಅವನ ದೇಹವನ್ನು ಇಳಿಸಿದರು.

ಭಾನುವಾರ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಜಲಾಲ್ ಅವರ ಓಮ್ನಿ ವ್ಯಾನಿನಲ್ಲಿ ಸುಂದರ, ಸಂಗಮೇಶ, ಇನ್ನಿಬ್ಬರು. ಅಂಬಲಪಾಡಿಯ ಒಂದು ಸಭಾಭವನದ ಮೇಲಿನ ಮಹಡಿ. ಮೆಟ್ಟಿಲ ಮೇಲೆ ಕೀರ್ತನ್ ಛತ್ರಿ ಮಡಚುತ್ತ ನಿಂತಿದ್ದ. ಉಳಿದವರು ಅವನನ್ನು ನೋಡದ ಹಾಗೆ ಹತ್ತಿ ಹೋದರು. ಸಂಗಮೇಶ ಹಿಂದೆ ಉಳಿದ.

ಕೀರ್ತನ್ ಮೆಲ್ಲಗೆ, "ನೀನು ತಿರುಗಿ ನೋಡಿದ್ದನ್ನು ನಾನು ನೋಡಿದ್ದೇನೆ," ಎಂದ. "ಗೋಲು ಹೋದರೆ ಹೋಗಲಿ. ಈಗ ನಮ್ಮ ಊರಲ್ಲೂ ಕೆಲವರು ನಾನು ಸುಳ್ಳು ಹೇಳ್ತೇನೆ ಅಂತಾರೆ."

ಸಂಗಮೇಶ ಅವನಿಗೆ ದಾರಿ ಬಿಟ್ಟು, ಹಿಂದಿನಿಂದ ಮೇಲೆ ಹತ್ತಿದ.

ಸಮಿತಿಯವರು ಐದು ಜನ ಉದ್ದ ಮೇಜಿನ ಹಿಂದೆ ಕೂತಿದ್ದರು. ಕಾಪುವಿನವರ ಮಾತು ಮೊದಲು ಮುಗಿಯಿತು. ಕೀರ್ತನ್ ಎದ್ದು ತನ್ನದು ಹೇಳಿದ. ಹಿಂದಿನ ಕುರ್ಚಿಗಳಲ್ಲಿ ಯಾರೋ ನಕ್ಕರು. ಆಮೇಲೆ ಫೌಸ್ಟಿನ್ ಸರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಪೂರ ದೇಹ. ವರದಿಯಲ್ಲಿ ಬರೆದದ್ದನ್ನೇ ಹೇಳಿದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಕರ್ಚೀಪಿನಿಂದ ಅಂಗೈ ಒರೆಸಿಕೊಳ್ಳುತ್ತಲೇ ಇದ್ದರು. ಸಂಗಮೇಶನಿಗೆ ಆಗ ಅರ್ಥವಾಯಿತು: ಇವರಿಗೆ ಪರ್ಕಳದ ಮೇಲೆ ಪ್ರೀತಿಯೂ ಇಲ್ಲ, ಕಾರ್ಕಳದ ಮೇಲೆ ದ್ವೇಷವೂ ಇಲ್ಲ. ಅಂಥ ಮಿಂಚಿನಲ್ಲಿ ಹುಡುಗರನ್ನು ಆಡಿಸಿದೆ ಎಂದು ಒಪ್ಪಿಕೊಳ್ಳಲು ಹೆದರಿಕೆ. ಅಷ್ಟೇ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಪರ್ಕಳದ ಕ್ಯಾಪ್ಟನ್ ಯಾರು? ವಿಸಿಲ್ ಕೇಳಿದ ಮೇಲೆ ನೀವು ಗೋಲು ಬಿಟ್ಟದ್ದು, ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಸುಂದರ ಮೊಣಕೈಯಿಂದ ತಿವಿದ. ಸಂಗಮೇಶ ಎದ್ದು ನಿಂತ. ಹೌದು ಎಂಬ ಮಾತು ನಾಲಗೆಯ ತುದಿಗೆ ಬಂದದ್ದೂ ನಿಜ. ಆದರೆ ಹಾಗಂದರೆ, ಅಣ್ಣನಂತೆ ತಾನೂ ವಿಸಿಲ್‌ಗೆ ಕಾದು ನಿಂತಿದ್ದೆ ಎಂದಾಗುತ್ತದೆ. ಅವನು ಕಾದಿರಲಿಲ್ಲ. ಆ ದಿನದ ಅಷ್ಟೂ ಆಟದಲ್ಲಿ ಅವನಿಗೆ ತನ್ನದು ಎನಿಸಿದ್ದು ಅದೊಂದೇ.

"ಇಲ್ಲ ಸರ್," ಎಂದ. "ನಾನು ಮೊದಲು ಓಡಿದೆ. ಚೆಂಡು ಒಳಗೆ ಹೋದದ್ದನ್ನು ತಿರುಗಿ ನೋಡಿದೆ. ವಿಸಿಲ್ ಆಮೇಲೆ."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ವಿಸಿಲ್ ಇಲ್ಲದೆ ಗೋಲು ಯಾಕೆ ಬಿಟ್ಟಿರಿ?"

"ಮಿಂಚಿಗೆ ಹೆದರಿ. ಊದುತ್ತಾರೆ ಅಂತ ಕಾಯಲಿಲ್ಲ."

ಅಧ್ಯಕ್ಷರು ಫೌಸ್ಟಿನ್ ಸರ್ ಕಡೆ ತಿರುಗಿದರು. ಅವರು ಕರ್ಚೀಪು ಮಡಚಿ ಜೇಬಿಗಿಟ್ಟರು. "ಅವನು ಹೇಳಿದ್ದು ಸರಿ," ಎಂದರು. "ನಾನು ತಡ ಮಾಡಿದೆ. ಆಟ ಮುಗಿಯಲಿ ಅಂತ ಇತ್ತು ನನಗೆ. ಮಕ್ಕಳಿಗೆ ಏನಾದರೂ ಆಗಿದ್ದರೆ ಅಂತ ಆ ದಿನದಿಂದ ನಿದ್ದೆ ಇಲ್ಲ."

ಸಮಿತಿ ಒಳಗೆ ಹೋಗಿ ಬಂದು ತೀರ್ಪು ಹೇಳಿತು. ಗೋಲು ಗೋಲೇ. ಆಟ ಒಂದು ಒಂದು, ಸಮ. ಕಾರ್ಕಳ ಎ ಡಿವಿಜನ್ನಿಗೆ. ಪರ್ಕಳ ಇದ್ದಲ್ಲೇ. ಕಾಪುವಿನವರ ಅರ್ಜಿ ವಜಾ, ಅವರು ಬಿಗೆ.

ವಾಪಸು ಬರುವಾಗ ಓಮ್ನಿ ಇಂದ್ರಾಳಿ ದಾಟುತ್ತಿತ್ತು. ಸುಂದರ ಬಾಯಿಬಿಟ್ಟ. "ಸುಮ್ಮನೆ ಇರ್ಲಿಕ್ಕೆ ಎಂತ ಕಷ್ಟ ಮಾರಾಯ ನಿನಗೆ? ಗೋಲು ಬಿಟ್ಟು ಓಡಿದ್ದು ನೀನು. ಅದನ್ನು ಹೇಳಿ ಒಳ್ಳೆಯವನಾದದ್ದೂ ನೀನು. ನಾವು ವರ್ಷ ಇಡೀ ಓಡಿದ್ದು ಎಂತಕ್ಕೆ?"

ಸುಂದರ ಹೇಳಿದ್ದರಲ್ಲಿ ತಪ್ಪಿಲ್ಲ ಎನ್ನುವುದೇ ಸಂಗಮೇಶನಿಗೆ ಹೆಚ್ಚು ಚುಚ್ಚಿತು. ಪರ್ಕಳದಲ್ಲಿ ಎಲ್ಲರೂ ಇಳಿದ ಮೇಲೆ ಜಲಾಲ್ ಅವನೊಬ್ಬನನ್ನು ನಿಲ್ಲಿಸಿದರು.

"ಆ ದಿನ ಅಂಗಡಿಯಲ್ಲಿ ನೀನು ಹೇಳಲಿಕ್ಕೆ ಬಂದದ್ದು ಇದೇ ಅಲ್ವಾ?"

"ಹೌದು."

"ನನಗೂ ಗೊತ್ತಾಗಿತ್ತು. ನಿನ್ನ ಬಾಯಿಂದ ಕೇಳುವುದು ಬೇಡ ಅಂತ ಗಿರಾಕಿಯನ್ನು ಮಾತಾಡಿಸಿದೆ," ಎಂದು ಹೇಳಿ ಅವರು ಗಾಡಿ ಹಿಂದೆ ತೆಗೆದರು. ಬೈಯಲೂ ಇಲ್ಲ, ಮೆಚ್ಚಲೂ ಇಲ್ಲ.

ಮನೆಯಲ್ಲಿ ನಾಗವೇಣಿ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಸೋಮಲಿಂಗನ ಸುದ್ದಿ ಗೊತ್ತಿತ್ತು. "ಅಣ್ಣನ ಮಾತು ಹೇಳಬೇಕಿತ್ತು ನೀವು. ಹೇಳಿದ್ರ ಹುಡುಗ್ರಿಗೆ ಸಿಟ್ಟು ಬರ್ತಿದ್ದಿಲ್ಲ."

"ಅಣ್ಣನ್ನ ಮುಂದಿಟ್ಕೊಂಡು ಕನಿಕರ ಕೇಳ್ಲೇನು?"

"ಕನಿಕರ ಅಲ್ರೀ. ಯಾಕ ಓಡಿದ್ರಿ ಅಂತ ಅವರಿಗೂ ಗೊತ್ತಾಗ್ಲಿ."

ಅವನು ಒಪ್ಪಲಿಲ್ಲ. ಆದರೆ ಆ ಮಾತು ಒಳಗೆ ಉಳಿಯಿತು.

ಮಳೆ ಬಿಡುವವರೆಗಿನ ತಿಂಗಳುಗಳು ಅವನಿಗೆ ಮೊದಲಿಗಿಂತ ಕಠಿಣವಾಗಿದ್ದವು. ಮೊದಲು ಒಂದು ತೀರ್ಪಿಗೆ ಕಾಯುತ್ತಿದ್ದ. ಈಗ ಯಾವುದಕ್ಕೆ ಕಾಯಬೇಕೆಂದೇ ತಿಳಿಯದು. ವಾಟ್ಸಾಪ್ ಗುಂಪು ಸತ್ತ ಹಾಗಿತ್ತು. ಇಬ್ಬರು ಗುಂಪಿನಿಂದಲೇ ಹೊರಟುಹೋದರು. ಗಣೇಶ ಚೌತಿಯ ಹೊತ್ತಿಗೆ ಸುದ್ದಿ ಬಂತು: ಸುಂದರ ಮುಂದಿನ ವರ್ಷ ಕಾರ್ಕಳಕ್ಕೆ ಆಡುತ್ತಾನಂತೆ, ಎ ಡಿವಿಜನ್ನಿನಲ್ಲಿ. ಸಂಗಮೇಶ ಅವನಿಗೆ ಫೋನ್ ಮಾಡಬೇಕೆಂದು ನಾಲ್ಕು ಸಲ ಹೆಸರು ಒತ್ತಿ ನಾಲ್ಕು ಸಲವೂ ಕತ್ತರಿಸಿದ. ತಾನು ಮಾಡಿದ್ದು ಸರಿಯೇ ಎಂದು ಟೈಲು ಕತ್ತರಿಸುವ ಮೆಶಿನ್ನಿನ ಸದ್ದಿನ ನಡುವೆ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಸರಿ ಎನಿಸುತ್ತಿತ್ತು. ಒಮ್ಮೊಮ್ಮೆ, ಹನ್ನೊಂದು ಜನರ ವರ್ಷವನ್ನು ತನ್ನೊಬ್ಬನ ಸಮಾಧಾನಕ್ಕೆ ಕೊಟ್ಟುಬಿಟ್ಟೆ ಎನಿಸುತ್ತಿತ್ತು.

ದೀಪಾವಳಿಯ ಮರುವಾರ ಮೊದಲ ಪ್ರಾಕ್ಟೀಸ್. ಜಲಾಲ್ ಗುಂಪಿನಲ್ಲಿ ಸಮಯ ಹಾಕಿದ್ದರು, ಯಾರೂ ಉತ್ತರ ಕೊಟ್ಟಿರಲಿಲ್ಲ. ಸಂಗಮೇಶ ಬೇಗ ಹೋಗಿ ಮೈದಾನದ ಬೇಲಿಯ ಹತ್ತಿರ ನಿಂತ. ರಸ್ತೆಯಲ್ಲಿ ಯಾವ ಬೈಕು ನಿಧಾನ ಮಾಡಿದರೂ ಅತ್ತ ನೋಡುತ್ತಿದ್ದ. ಮೊದಲು ಇಬ್ಬರು ಬಂದರು, ಆಮೇಲೆ ಮೂವರು. ಕೊನೆಗೆ ಒಂಬತ್ತು ಜನ. ಮುಖ ಕೊಟ್ಟು ಮಾತಾಡಿದವರು ಕಡಿಮೆ. ಅವನು ಎಲ್ಲರನ್ನೂ ಕೂರಿಸಿ, ಹೊಸ ಕ್ಯಾಪ್ಟನ್‌ನನ್ನು ಆರಿಸಿಕೊಳ್ಳಿ ಎಂದ. ಆಮೇಲೆ, ಹೇಳಬೇಕೆಂದು ಬಂದಿರಲಿಲ್ಲವಾದರೂ, ಸೋಮಲಿಂಗನ ವಿಷಯ ಹೇಳಿದ. ಚಿಕ್ಕದಾಗಿ ಹೇಳಿದ, ನೆಲ ನೋಡುತ್ತ. ಸ್ಲ್ಯಾಬು, ಮೇಸ್ತ್ರಿ ಬೀಸಿದ ಕೈ, ಅಷ್ಟೇ.

ಪೇಂಟಿಂಗ್ ಕೆಲಸದ ಒಬ್ಬ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಜಲಾಲ್ ಎದ್ದು ಚೆಂಡಿಗೆ ಗಾಳಿ ಸಾಕೇ ಎಂದು ಒತ್ತಿ ನೋಡಿದರು. "ಕ್ಯಾಪ್ಟನ್ ವಿಷಯ ಆಮೇಲೆ. ಈಗ ಓಡಿ," ಎಂದರು.

ಕ್ಯಾಪ್ಟನ್ ಬೇರೆಯವನಾದ. ಆ ವರ್ಷ ಲೀಗ್ ಸಮಿತಿ ಒಂದು ಹೊಸ ನಿಯಮ ತಂದಿತು: ಗುಡುಗು ಮಿಂಚು ಹತ್ತಿರ ಬಂದರೆ ಯಾವ ತಂಡದ ಕ್ಯಾಪ್ಟನ್ ಕೇಳಿದರೂ ಆಟ ನಿಲ್ಲಿಸಲೇಬೇಕು. ಅದನ್ನು ಬರೆದುಕೊಟ್ಟು, ಫೌಸ್ಟಿನ್ ಸರ್ ರೆಫರಿ ಕೆಲಸ ಬಿಟ್ಟರು ಎಂದು ಯಾರೋ ಹೇಳಿದರು. ಸಂಗಮೇಶ ಅವರನ್ನು ಮತ್ತೆ ನೋಡಲಿಲ್ಲ.

ಮೊದಲ ಪಂದ್ಯ ಕಾಪುವಿನಲ್ಲಿ, ಆಗಷ್ಟೇ ಇಳಿದು ಬಂದಿದ್ದ ತಂಡದ ಎದುರು. ಅವರು ಇಳಿದ ಸಿಟ್ಟಿನಲ್ಲೇ ಆಡಿದರು. ರಜೆಯಿದ್ದ ನಾಗವೇಣಿ ಮೊದಲ ಬಾರಿಗೆ ಆಟ ನೋಡಲು ಬಂದು ತೆಂಗಿನ ಮರದ ನೆರಳಲ್ಲಿ ಕೂತಿದ್ದಳು. ಗ್ಲೌಸಿನೊಳಗೆ ಸಂಗಮೇಶನ ಕೈ ಬೆವೆತಿತ್ತು. ಒಂದು ಸುಲಭದ ಚೆಂಡು ಕೈ ಜಾರಿ ಒಳಗೆ ಹೋಯಿತು. ಆಮೇಲೆ ಮೂರು ಕಷ್ಟದವನ್ನು ಹಿಡಿದ. ಎರಡು ಎರಡು, ಸಮ. ಗಾಡಿ ಹತ್ತುವಾಗ ಹೊಸ ಕ್ಯಾಪ್ಟನ್ ಪಕ್ಕಕ್ಕೆ ಸರಿದು ಅವನಿಗೂ ನಾಗವೇಣಿಗೂ ಜಾಗ ಮಾಡಿದ. "ಆ ಮೊದಲನೇದು ಬಿಡಬಾರದಿತ್ತು ಮಾರಾಯ," ಎಂದ.

"ಹೌದು," ಎಂದ ಸಂಗಮೇಶ. "ಬಿಸಿಲು ನನ್ನ ಬೆನ್ನಿಗಿತ್ತು, ಕಣ್ಣಿಗೆ ಹೊಡೀತು ಅಂತಲೂ ಹೇಳ್ಲಿಕ್ಕಿಲ್ಲ."

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಬಹಳ ತಿಂಗಳ ಮೇಲೆ ಅವನೂ ನಕ್ಕ.